ಪಕ್ಕದ ಸೀಟಿನ ಬ್ರೇಕು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಅರವತ್ತೊಂದು ದಿನ! ಒಂದು ದಿನವೂ ತಪ್ಪದೆ ಬ್ಲಾಗ್ ಬರೆದ ಗಂಡು ನಾನು. ಜ್ವರ ಬಂದ ದಿನ ಜ್ವರದ ಬಗ್ಗೆ ಬರೆದೆ, ಕರೆಂಟ್ ಹೋದ ದಿನ ಕತ್ತಲೆಯ ಬಗ್ಗೆ ಬರೆದೆ. ನಮ್ಮ ವಂಶದಲ್ಲಿ ಯಾರೂ ಯಾವ ಕೆಲಸವನ್ನೂ ಅರವತ್ತೊಂದು ದಿನ ಬಿಡದೆ ಮಾಡಿದ ದಾಖಲೆ ಇಲ್ಲ, ನಿದ್ದೆಯೊಂದನ್ನು ಬಿಟ್ಟು. "ನಿನ್ನ ಕೈಲಿ ಹತ್ತು ದಿನಾನೂ ಆಗಲ್ಲ ಕಣೋ" ಅಂದಿದ್ದ ನಮ್ಮಕ್ಕ ಈಗ ಎದುರು ಸಿಕ್ಕರೆ ಮಾತು ಬದಲಾಯಿಸುತ್ತಾಳೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯುವವರು ಸ್ಟೇರಿಂಗ್ ಹಿಡಿಯುತ್ತಾರೆ, ನಾನು ಪಕ್ಕದ ಸೀಟಿನಲ್ಲಿ ಜೀವ ಹಿಡಿದುಕೊಳ್ಳುತ್ತೇನೆ. ನನ್ನ ಕಾಲ ಹತ್ತಿರವೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ, ಅಪಾಯಕ್ಕೆ ಅಂತ. ಬ್ಲಾಗಿನ ಹೆಸರು 'ಪಕ್ಕದ ಸೀಟು'. ನನ್ನ ಹೆಸರು ಎಲ್ಲೂ ಹಾಕಿಲ್ಲ, ಮುಖ ಮುಚ್ಚಿಕೊಂಡ ಹೀರೋಗೆ ಶಿಳ್ಳೆ ಜಾಸ್ತಿ. ಕೊನೆಯಲ್ಲಿ ಒಂದು ಫೋನ್ ನಂಬರ್ ಮಾತ್ರ ಇದೆ, ಅಭಿಮಾನಿಗಳಿಗಾಗಿಯೇ ತೆಗೆದುಕೊಂಡ ಸಿಮ್ಮು.

ಇಷ್ಟನ್ನು ಬೆಳಗ್ಗೆಯೇ ಬರೆದಿಟ್ಟಿದ್ದೆ. ಅಳಿಸಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕಾರಿನಲ್ಲೇ ಕೂತಿದ್ದಾಗ, ಆ ಸಿಮ್ಮಿರುವ ಹಳೇ ಫೋನು ಮೊದಲ ಸಲ ಹೊಡೆದುಕೊಂಡಿತು. ಅದರಲ್ಲಿ ನಾನಾಡಿದ ಮಾತಷ್ಟೇ ಕೆಳಗಿದೆ.

"ಹಲೋ... ಯಾರು ಮಾತಾಡ್ತಿರೋದು?"

...

"ಹಾಂ, ಹೌದು. 'ಪಕ್ಕದ ಸೀಟು' ನಂಬರೇ ಇದು. ಲೇಖಕರೇ ಮಾತಾಡ್ತಿದೀವಿ. ಹೇಳಿ, ಅಭಿಮಾನಿನಾ?"

...

"ಒಂದ್ನಿಮಿಷ, ಒಂದ್ನಿಮಿಷ. ಲೇ ಪಂಕ್ಚರ್! ನೀನೇ ಅಲ್ವಾ? ಟೈರ್ ಅಂಗಡೀಲಿ ಕೂತ್ಕೊಂಡು ಹೆಂಗಸರ ಧ್ವನಿ ತೆಗೀತಿದೀಯಾ? ಹೋದ್ವಾರ ನಿನ್ನ ಚಪ್ಪಲಿಗೆ ಗ್ರೀಸ್ ಹಚ್ಚಿದ್ದಕ್ಕೆ ಸೇಡಾ ಇದು? ಮಗನೇ, ನನಗೇ ಸ್ಕ್ರೀನ್‌ಪ್ಲೇ ಬರೀತೀಯಾ? ಡೈರೆಕ್ಟರ್‌ಗೇ ಕಥೆ ಹೇಳ್ತೀಯಾ?"

...

"ಅಲ್ವಾ?... ನಿಜವಾಗ್ಲೂ ಅಲ್ವಾ?... ಸಾರಿ ಮೇಡಂ. ಅವನು ನನ್ನ ಫ್ರೆಂಡು. ನಾನು ಎಲ್ಲರಿಗೂ ಹಿಂಗೇ ಆಟ ಆಡಿಸ್ತೀನಲ್ಲ, ಅದಕ್ಕೆ ನನಗೆ ಯಾರು ಫೋನ್ ಮಾಡಿದ್ರೂ ಡೌಟು."

...

"ಧ್ವನಿನಾ? ಇಲ್ಲ ಇಲ್ಲ, ಆಗ ಸಿಟ್ಟಲ್ಲಿ ತೆಳ್ಳಗಾಗಿತ್ತು. ನನ್ನ ಒರಿಜಿನಲ್ ಧ್ವನಿ ಇದೇ. ಹುಟ್ಟಿದಾಗ್ಲೇ ದಪ್ಪ. ನರ್ಸು ಹೆದ್ರಿಕೊಂಡ್ಳಂತೆ."

...

"ಓ, ಗಕ್ಕಮ್ಮನ ಕಥೆನಾ! ಅದು ಸೂಪರ್ ಹಿಟ್ಟು ಮೇಡಂ. ಗೇರ್ ಹಾಕ್ತಾರೆ, ಕ್ಲಚ್ ಬಿಡ್ತಾರೆ, ಕಾರು ಗಕ್ ಅಂತ ನಿಂತ್ಬಿಡತ್ತೆ. ಮತ್ತೆ ಹಾಕ್ತಾರೆ, ಮತ್ತೆ ಗಕ್. ಇಪ್ಪತ್ತೊಂದು ಸಲ! ಅದಕ್ಕೇ ಗಕ್ಕಮ್ಮ ಅಂತ ಹೆಸರಿಟ್ಟೆ. ಹೆಂಗಿದೆ ಹೆಸರು?"

...

"ನಗು ಬರಲಿಲ್ವಾ?... ಮೊದಲು ಬಂತು. ಹಾಂ. ಆಮೇಲೆ?"

...

"ಯಾವ ತಾತ?... ಕಾಲಿನ ಗಾಯಕ್ಕೆ ಪಟ್ಟಿ ಬದಲಾಯಿಸೋವಾಗ, ನೋವು ಮರೆಯೋಕೆ ನನ್ನ ಬ್ಲಾಗ್ ಜೋರಾಗಿ ಓದ್ತಾರಾ? ದಿನಾ ಸಾಯಂಕಾಲ ಆರಕ್ಕಾ? ಅಯ್ಯೋ, ಆ ತಾತನ ಕಾಲಿಗೆ ನನ್ನ ನಮಸ್ಕಾರ ಹೇಳಿ. ಪಟ್ಟಿ ಕಟ್ಟೋರು ಯಾರೋ ಪುಣ್ಯವಂತರು, ಪುಕ್ಕಟೆ ಕೇಳಿಸ್ಕೊಳ್ತಾರೆ!"

...

"ನೀವಾ?... ನೀವು... ಆಸ್ಪತ್ರೇಲಿ... ಇಲ್ಲ ಇಲ್ಲ, ಕೆಮ್ಮು ಬಂತು. ಹೇಳಿ."

(ಇಲ್ಲಿ ನನಗೆ ಗೊತ್ತಾಯಿತು. ಫೋನ್ ಮಾಡಿದ್ದು ಗಕ್ಕಮ್ಮನೇ. ಒಂದೂವರೆ ತಿಂಗಳಿಂದ ನನ್ನ ಹತ್ತಿರವೇ ಕಾರು ಕಲಿಯುತ್ತಿರುವ ಸಿಸ್ಟರ್. ವಾರ್ಡಿನ ಫೋನಿನಿಂದ ಮಾತಾಡುತ್ತಿದ್ದರು, ಅದಕ್ಕೇ ನಂಬರ್ ಗುರುತು ಸಿಗಲಿಲ್ಲ. ಅವರಿಗೆ ನಾನು ಯಾರೆಂದು ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಧ್ವನಿಯನ್ನು ಇನ್ನೂ ಒಂದು ಸುತ್ತು ದಪ್ಪ ಮಾಡಿದೆ.)

...

"ಗಕ್ಕಮ್ಮ ಯಾರು ಅಂತಾನಾ? ಕಾಲ್ಪನಿಕ ಪಾತ್ರ ಮೇಡಂ. ಅಲ್ಲಿ ಬ್ಯಾಂಕ್ ಕ್ಲರ್ಕ್ ಅಂತ ಬರೆದಿದೀನಿ ನೋಡಿ, ನೀವು ನರ್ಸು. ಮ್ಯಾಚೇ ಆಗಲ್ಲ."

...

"ಹಾಂ, ಕಾರು ನಿಂತ ತಕ್ಷಣ ಡ್ಯಾಶ್‌ಬೋರ್ಡ್ ತಟ್ಟಿ 'ಏನೂ ಆಗಿಲ್ಲ ಕಂದ, ಏನೂ ಆಗಿಲ್ಲ' ಅಂತಾರೆ, ಬರೆದಿದೀನಿ. ಆದ್ರೆ ಅದು ತುಂಬಾ ಜನ ಹೇಳ್ತಾರೆ... ಯಾರು ಹೇಳ್ತಾರೆ ಅಂದ್ರೆ... ಜನ. ಸಾರ್ವಜನಿಕರು."

...

"ಇಂಜೆಕ್ಷನ್ ಕೊಡೋವಾಗ ಮಕ್ಕಳಿಗೆ ಹೇಳೋ ಮಾತಾ ಅದು? ನಿಮ್ಮದೇ ಮಾತಾ? ಬೇರೆ ಯಾರೂ ಕಾರಿಗೆ ಹಂಗೆ ಹೇಳಲ್ವಾ?... ಹೋಗ್ಲಿ, ಕಾಕತಾಳೀಯ ಅಂತಿಟ್ಕೊಳ್ಳಿ."

...

"ಹೌದು, ಕಾರಲ್ಲಿ ಇರೋದು ಇಬ್ಬರೇ. ಒಬ್ಬರು ನೀವು, ಇನ್ನೊಬ್ಬ ನಿಮ್ಮ ಮೇಷ್ಟ್ರು. ಅವನ ಮೇಲೆ ಡೌಟಾ? ಅಲ್ಲ, ಮನುಷ್ಯ ಹೆಂಗೆ ಅವನು?"

...

"'ನೋಡೋಕೆ ಒಳ್ಳೇವನ ಥರ ಇದಾನೆ'... ಥರ ಅಂದ್ರೆ? ಥರ ಯಾಕೆ ಬಂತು ಮಧ್ಯ?"

...

"ಪೆಡಲ್ಲಾ? ಏನು ಪೆಡಲ್ಲು? ನಿಧಾನಕ್ಕೆ ಹೇಳಿ. ಗುರುವಾರ, ಫಸ್ಟ್ ಗೇರಲ್ಲಿ ಕಾರು ಹೊರಟಿತ್ತು... ನೀವು ಬ್ರೇಕ್ ಮುಟ್ಟಿರಲಿಲ್ಲ... ನಿಮ್ಮ ಕಡೆ ಬ್ರೇಕ್ ಪೆಡಲ್ಲು ತಾನಾಗೇ ಕೆಳಗೆ ಹೋಯ್ತು. ಶೂ ಪಕ್ಕಕ್ಕೆ ಸವರ್ಕೊಂಡು ಹೋಯ್ತು. ಆಮೇಲೆ ಗಕ್. ಹಾಂ... ನಿಮ್ಮ ಮೇಷ್ಟ್ರನ್ನ ಕೇಳಿದ್ರಾ?"

...

"'ಡ್ಯೂಟಿ ಮುಗಿಸ್ಕೊಂಡು ಬಂದಿದೀರ, ಸುಸ್ತಿಗೆ ಹಂಗನ್ಸತ್ತೆ' ಅಂದ್ನಾ?... ಸರಿಯಾಗೇ ಹೇಳಿದಾನಲ್ಲ. ಅಂದ್ರೆ, ಸರಿ ಇರ್ಬಹುದು. ನಂಗೇನ್ ಗೊತ್ತು, ನಾನು ಬರೀ ಲೇಖಕ."

...

"ಒಂದು ಬ್ರೇಕ್ ಒತ್ತಿದ್ರೆ ಇನ್ನೊಂದೂ ಕೆಳಗೆ ಹೋಗತ್ತಾ ಅಂದ್ರೆ... ಅದು ಮೆಕ್ಯಾನಿಕ್ ಹೇಳ್ಬೇಕು. ಅಲ್ಲ, ಯಾಕೆ ಇಷ್ಟು ಪ್ರಶ್ನೆ? ಯಾರು ಮಾಡಿಸ್ತಿದಾರೆ ಈ ಫೋನು? ಲೈಸೆನ್ಸ್ ಆಫೀಸಿನವರು ಇದಾರಾ ಅಲ್ಲಿ? ಇದು ರೆಕಾರ್ಡ್ ಆಗ್ತಿದೆಯಾ? ನಿಜ ಹೇಳಿ, ನಮ್ಮ ಓನರ್ ಪಕ್ಕದಲ್ಲೇ ಕೂತಿದಾರಲ್ವಾ?"

...

"ಯಾವ ಓನರಾ? ಅದು... ಬ್ಲಾಗ್‌ಗೂ ಓನರ್ ಇರ್ತಾರೆ ಮೇಡಂ."

...

"ಆಂ?... ಏನಂದ್ರಿ?... ನಾಳೆ ಟೆಸ್ಟ್‌ಗೆ ಹೋಗಲ್ಲ ಅಂದ್ರೆ?"

...

"ಬೇಡ ಅಂತ ಬರೆದುಕೊಟ್ಟೇಬಿಟ್ರಾ?... ಇನ್ನೂ ಕೊಟ್ಟಿಲ್ಲ. ಚೀಟಿ ಜೇಬಲ್ಲಿದೆ. ಸರಿ, ಜೇಬಲ್ಲೇ ಇರ್ಲಿ, ಅದಕ್ಕೆ ಅಲ್ಲಿ ಚೆನ್ನಾಗಿದೆ. ಯಾವಾಗ ಕೊಡ್ಬೇಕು?... ಇವತ್ತು ಏಳಕ್ಕಾ? ಮೇಟ್ರನ್ ಮನೆಗೆ ಹೋಗೋ ಮುಂಚೆ?"

...

"ಮನೆ ಮನೆಗೆ ಹೋಗಿ ಪೇಷಂಟ್ ನೋಡೋ ಕೆಲಸ. ಆಸ್ಪತ್ರೆದೇ ಕಾರು. ಲೈಸೆನ್ಸ್ ಬಂದ್ರೆ ನಿಮಗೆ, ಇಲ್ಲಾಂದ್ರೆ ಜೂನಿಯರ್‌ಗೆ. ಎಂಟು ವರ್ಷ ಕಾದಿದೀರ ಈ ಕೆಲಸಕ್ಕೆ, ಈಗ ಯಾವನೋ ತಲೆಹರಟೆ ಬರೆದಿದ್ದು ಕೇಳಿ ಬಿಟ್ಬಿಡ್ತೀರಾ?"

...

"'ಬರೆದಿದ್ದು ಸುಳ್ಳಲ್ಲವಲ್ಲ' ಅಂತೀರಾ..."

...

"ಹೌದು. ಇಪ್ಪತ್ತೊಂದು ಸಲ ನಿಂತಿದ್ದು ನಿಜ. ದಾರಿ ಮಧ್ಯ ನಿಂತ್ರೆ ಅಲ್ಲಿ ಪೇಷಂಟ್ ಕಾಯ್ತಿರ್ತಾರೆ, ಅದೂ ನಿಜ... ಆದ್ರೆ... ಅಳ್ಬೇಡಿ. ಅಳ್ತಿದೀರಾ?... ಇಲ್ವಾ? ಮೂಗು ಸೀತನಾ? ಸರಿ, ಸೀತ."

...

"ಹಂಗಲ್ಲ, ನೋಡಿ, ಹೀರೋ ಇಂಟರ್‌ವಲ್‌ನಲ್ಲಿ ಒದೆ ತಿಂದ್ರೇನೇ ಕ್ಲೈಮ್ಯಾಕ್ಸಲ್ಲಿ ಎದ್ದು ನಿಲ್ಲೋದು. ನೀವು ಇಂಟರ್‌ವಲ್‌ಗೇ ಟಾಕೀಸ್ ಬಿಟ್ಟು ಹೊರಟ್ರೆ ಹೆಂಗೆ? ನಾಳೆ ಒಂಬತ್ತೂವರೆಗೆ ಗ್ರೌಂಡಿಗೆ ಬನ್ನಿ, ಒಂದೇ ಒಂದು ರೌಂಡು..."

...

"ಟೈಮಾ? ನೀವೇ ಹೇಳಿದ್ರಲ್ಲ... ಹೇಳ್ಲಿಲ್ವಾ?... 'ನಾಳೆ' ಅಂತ ಮಾತ್ರ ಅಂದ್ರಾ?... ಟೆಸ್ಟೆಲ್ಲಾ ಒಂಬತ್ತೂವರೆಗೇ ಅಲ್ವಾ ಇರೋದು... ಹಾಂ. ಹತ್ತಕ್ಕೂ ಇರತ್ತೆ. ಹನ್ನೊಂದಕ್ಕೂ ಇರತ್ತೆ. ಹೌದು."

...

"ಹಲೋ? ಏನಂದ್ರಿ?... 'ಮೇಷ್ಟ್ರೇ' ಅಂದ್ರಾ?"

...

"ಹೌದು ಸಿಸ್ಟರ್. ನಾನೇ. ನಿಮ್ಮ ಮೇಷ್ಟ್ರು. ಇನ್ನು ಧ್ವನಿ ದಪ್ಪ ಮಾಡಲ್ಲ, ಗಂಟಲು ನೋಯ್ತಿದೆ."

...

"ಇಲ್ಲ, ನಗ್ತಿಲ್ಲ. ನನ್ನಾಣೆ ನಗ್ತಿಲ್ಲ. ನನ್ನಾಣೆ ಬೇಡ, ನಮ್ಮಕ್ಕನಾಣೆ."

...

"ನಿಮ್ಮ ಮಾತು ಯಾಕೆ ಬರೆದೆ ಅಂದ್ರೆ... ದಿನಾ ಒಂದು ಬರೀತೀನಿ ಅಂತ ಅಕ್ಕನ ಮುಂದೆ ಶಪಥ ಮಾಡ್ಬಿಟ್ಟಿದ್ದೆ. ನನ್ನ ಇಪ್ಪತ್ನಾಲ್ಕು ವರ್ಷದ ಜೀವನ ಹತ್ತು ದಿನಕ್ಕೇ ಮುಗಿದೋಯ್ತು ಸಿಸ್ಟರ್. ಹನ್ನೊಂದನೇ ದಿನ ಗೋಡೆ ಗಡಿಯಾರದ ಬಗ್ಗೆ ಬರೆದೆ. ಹದಿನೈದನೇ ದಿನ ಬಕೆಟ್ಟಿನ ಬಗ್ಗೆ. ಅಷ್ಟರಲ್ಲಿ ನೀವು ಬಂದ್ರಿ, ಕಾರು ಗಕ್ ಅಂತು. ಬರೆದೆ. ಅಲ್ಲೀತನಕ ಓದ್ತಿದ್ದಿದ್ದು ಏಳು ಜನ, ಅದ್ರಲ್ಲಿ ಮೂರು ನಾನೇ. ಮಾರನೇ ದಿನ ತೊಂಬತ್ತು ಜನ!"

...

"ಕೇಳ್ಬೇಕಿತ್ತು. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಹೌದು."

...

"ಪೆಡಲ್ ವಿಷಯ ಫೋನಲ್ಲಿ ಬೇಡ ಸಿಸ್ಟರ್, ನಾಳೆ ಎದುರಿಗೇ..."

...

"ಈಗ್ಲೇ ಬೇಕಾ?... ತಾಗಿರ್ಬಹುದು. ನನ್ನ ಕಾಲು... ಉದ್ದ ಅಲ್ವಾ, ತಾಗತ್ತೆ."

...

"ಸರಿ. ತಾಗಲಿಲ್ಲ. ಇಟ್ಟೆ. ನಾನೇ ಇಟ್ಟೆ. ಆವತ್ತು ಬರೆಯೋಕೆ ಏನೂ ಇರಲಿಲ್ಲ."

...

"ಒಂದ್ಸಲ... ಹೋಗ್ಲಿ, ಎರಡು... ಅಯ್ಯೋ, ಎಷ್ಟು ಸಲ ಅಂತ ಯಾಕೆ ಬಿಡಿ ಸಿಸ್ಟರ್. ಐದು ಅಂತಿಟ್ಕೊಳ್ಳಿ."

...

"'ಹಾಗಾದ್ರೆ ಉಳಿದ ಹದಿನಾರು ನನ್ನದೇ'... ಅಲ್ಲ! ಹಂಗಲ್ಲ! ಚೀಟಿ ಕೊಡ್ಬೇಡಿ. ಇದೇನು ಕುಯ್ ಅಂತಿದೆ... ಥೂ, ಬ್ಯಾಟರಿ! ಈ ಡಬ್ಬಾ ಫೋನು... ಸಿಸ್ಟರ್, ಇಡ್ಬೇಡಿ, ಐದು ಅಂದಿದ್ದು ಸುಳ್ಳು. ನಿಮ್ಮದು ಬರೀ... ಕೇಳಿಸ್ತಿದೆಯಾ? ನಿಮ್ಮದು ಬರೀ... ಹಲೋ? ಹಲೋ..."

ಫೋನು ಸತ್ತಿತು. ಅವರಿಗೆ ಎಲ್ಲಿಯವರೆಗೆ ಕೇಳಿಸಿತೋ ಗೊತ್ತಿಲ್ಲ.

ನನ್ನ ಇನ್ನೊಂದು ಫೋನಿನಿಂದ ಹನ್ನೊಂದು ಸಲ ಕರೆ ಮಾಡಿದೆ. ಡ್ಯೂಟಿಯಲ್ಲಿದ್ದಾಗ ಅವರ ಮೊಬೈಲು ಬೀರುವಿನಲ್ಲಿರುತ್ತದೆ. ವಾರ್ಡಿನ ಫೋನು ಎತ್ತಿದವರು "ಸಿಸ್ಟರ್ ಬ್ಯುಸಿ" ಅಂದರು. ಆಸ್ಪತ್ರೆಗೇ ಬಂದೆ. ಗೇಟಿನಲ್ಲಿದ್ದ ಕಾವಲಿನವರು "ಪೇಷಂಟಿಗೆ ನೀನು ಏನಾಗಬೇಕು?" ಅಂದರು. ಇದಕ್ಕೂ ಒಂದು ಕಥೆ ಕಟ್ಟಬಹುದಿತ್ತು. ಕಟ್ಟದೆ ಹೊರಗೆ ಬಂದೆ. ಈಗ ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಟೆ ಐದೂ ಮುಕ್ಕಾಲು.

ಫೋನಿನಲ್ಲಿ ಸಿಸ್ಟರ್ ಆಡಿದ ಮಾತನ್ನು ಪೂರ್ತಿ ಹಾಕಿಲ್ಲ. ಅದು ಅವರದು. ಕೇಳದೆ ತೆಗೆದುಕೊಂಡಿದ್ದು ಈಗಾಗಲೇ ಸಾಕಷ್ಟಿದೆ, ಅವಸರದಲ್ಲಿ ಇಲ್ಲೂ ಒಂದೆರಡು ಉಳಿದಿರಬಹುದು. ಗಕ್ಕಮ್ಮನ ಹಳೆಯ ಪೋಸ್ಟ್‌ಗಳನ್ನೆಲ್ಲ ಈಗಷ್ಟೇ ತೆಗೆದುಹಾಕಿದೆ. ಇದನ್ನು ನಮ್ಮ ಓನರ್ ಓದಿದರೆ ನಾಳೆಯಿಂದ ನನಗೆ ಬರೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ಓದಲಿ.

ತಾತ, ನೀವು ಯಾರೋ ನನಗೆ ಗೊತ್ತಿಲ್ಲ. ಇನ್ನು ಕಾಲು ಗಂಟೆಗೆ ಸಿಸ್ಟರ್ ನಿಮ್ಮ ಪಟ್ಟಿ ಬದಲಾಯಿಸಲು ಬರುತ್ತಾರೆ. ದಿನದ ಹಾಗೆ ಇವತ್ತೂ ಜೋರಾಗಿ ಓದಿ. ಮೇಲಿನದಕ್ಕೆ ನಗು ಬಂದರೆ ನಗಿ, ನನ್ನ ಮೇಲೆ ಎಷ್ಟು ಬೇಕಾದರೂ ನಗಿ. ಇನ್ನು ಉಳಿದಿರುವುದನ್ನು ಮಾತ್ರ ನಗದೆ, ನಿಧಾನವಾಗಿ, ಅವರು ತಲೆ ಎತ್ತುವವರೆಗೆ ಕಾದು ಓದಿ.

ಸಿಸ್ಟರ್, ಕಾರು ಇಪ್ಪತ್ತೊಂದು ಸಲ ನಿಂತಿತು. ನೀವು ನಿಲ್ಲಿಸಿದ್ದು ಎರಡೇ ಸಲ, ಅದೂ ಮೊದಲ ದಿನ. ಉಳಿದ ಹತ್ತೊಂಬತ್ತು ಸಲವೂ ನೀವು ಸರಿಯಾಗಿಯೇ ಓಡಿಸುತ್ತಿದ್ದಿರಿ. ಬ್ರೇಕಿನ ಮೇಲಿದ್ದದ್ದು ನನ್ನ ಕಾಲು.