ಚಾಪೆಯ ಕೆಳಗೆ ಇಬ್ಬರು

...ಅಲ್ಲಾಡಬೇಡ ಅಪೇಲು. ಎಷ್ಟು ಸಲ ಹೇಳ್ಲಿ? ನೀನು ಅಲ್ಲಾಡಿದ್ರೆ ಚಾಪೆ ಅಲ್ಲಾಡುತ್ತೆ. ಚಾಪೆ ಅಲ್ಲಾಡಿದ್ರೆ ಜಗಲಿ ಮೇಲೆ ಕೂತಿರೋ ಅವರ ಮನೆಯೋರಿಗೆ ಕಾಣುತ್ತೆ. ಕಂಡ್ರೆ, ಇವರಿಗೆ ಕೂತು ಕೂತು ಬೇಜಾರಾಯ್ತು ಅಂದ್ಕೋತಾರೆ. ಕ್ಷಮೆ ಕೇಳೋಕೆ ಬಂದೋರಿಗೆ ಬೇಜಾರಾಗಬಾರದು ಕಣೋ. ಮೊಣಕಾಲು ನೋಯ್ತಿದೆಯಾ? ನನಗೆ ನಿನಗಿಂತ ಜಾಸ್ತಿ ನೋಯ್ತಿದೆ. ನಾನು ನಿನ್ನ ಸೋದರಮಾವ, ನನ್ನ ಮೊಣಕಾಲು ನಿನ್ನದಕ್ಕಿಂತ ಹಳೇದು.

ಯಾಕೆ ಹಾಗೆ ನೋಡ್ತೀಯ? ನಗಿಸೋಣ ಅಂತ ಹೇಳಿದೆ. ಸರಿ, ನಗಬೇಡ. ಇಲ್ಲಿ ನಗೋದೂ ತಪ್ಪು. ನೆಲ ನೋಡ್ತಾ ಕೂರು.

ಬಿಸಿಲು ಏರ್ತಾ ಇದೆ. ಚಾಪೆಯ ಅಂಚಿನಿಂದ ಕಾಣುತ್ತೆ, ನೋಡು, ಕಲ್ಲುಗಳ ನೆರಳು ಚಿಕ್ಕದಾಗ್ತಿದೆ. ಇವರು ಇನ್ನೂ ಎದ್ದು ಬಂದಿಲ್ಲ. ಬರ್ತಾರೆ. ಬರಲೇಬೇಕು. ಇಡೀ ಸಮೋವಾದಲ್ಲಿ ಇದೇ ಪದ್ಧತಿ, ನಿನಗೂ ಗೊತ್ತು. ಆದ್ರೂ ಇನ್ನೊಂದು ಸಲ ಹೇಳ್ತೀನಿ, ಹೇಳ್ತಾ ಇದ್ರೆ ನನಗೆ ಧೈರ್ಯ ಬರುತ್ತೆ. ತಪ್ಪು ಮಾಡಿದವನ ಮನೆತನದ ಮುಖಂಡ, ಅಂದ್ರೆ ನಾನು, ಸತ್ತವನ ಮನೆ ಅಂಗಳಕ್ಕೆ ಬೆಳಗಾಗೋ ಮುಂಚೆ ಬಂದು ಚಾಪೆ ಹೊದ್ಕೊಂಡು ಮಂಡಿಯೂರಬೇಕು. ತಪ್ಪು ಮಾಡಿದವನು, ಅಂದ್ರೆ ನೀನು, ಪಕ್ಕದಲ್ಲಿ ಕೂರಬೇಕು. ಅವರು ಬಂದು ಚಾಪೆ ಎತ್ತಿದ್ರೆ ಕ್ಷಮಿಸಿದ ಹಾಗೆ. ಎತ್ತದಿದ್ರೆ... ಎತ್ತೋವರೆಗೂ ಕೂತಿರೋದು. ಎದ್ದು ಹೋಗೋ ಹಾಗಿಲ್ಲ, ನೀರು ಕೇಳೋ ಹಾಗಿಲ್ಲ. ಅಜ್ಜಂದಿರ ಕಾಲದಲ್ಲಿ ಕೊಡಲಿ ತಗೊಂಡೂ ಬರ್ತಿದ್ರಂತೆ. ಈಗ ಹಾಗೇನಿಲ್ಲ. ಹೆದರಬೇಡ.

ಈ ಚಾಪೆ ನಿಮ್ಮಮ್ಮನ ಮದುವೇದು, ಗೊತ್ತಾ? ಎಷ್ಟು ನಯ ನೋಡು, ಬಟ್ಟೆ ಇದ್ದ ಹಾಗಿದೆ. ರೂತಕ್ಕ ಏನೂ ಕೇಳಲಿಲ್ಲ. ಪೆಟ್ಟಿಗೆ ತೆಗೆದ್ಲು, ಚಾಪೆ ತಂದು ನನ್ನ ಕೈಯಲ್ಲಿ ಇಟ್ಲು, ಹೋದ್ಲು. ಏನಾದ್ರೂ ಕೇಳಿದ್ರೆ ಚೆನ್ನಾಗಿತ್ತು. ಅಕ್ಕನ ಮಕ್ಕಳ ಕಾಲಿಗೆ ಮುಳ್ಳು ಚುಚ್ಚದ ಹಾಗೆ ನೋಡ್ಕೋಬೇಕಾದವನು ತಮ್ಮ. ಅದನ್ನ ಅವಳು ಬಾಯಿಬಿಟ್ಟು ಹೇಳೋದೇ ಬೇಕಾಗಿಲ್ಲ.

ಒಂದು ಕೇಳ್ತೀನಿ. ಅಂಗಿ ಯಾಕೆ ಬಿಚ್ಚಿದೆ? ನಿನ್ನೇನೇ ಹೇಳಿದ್ದೆನಲ್ಲ, ಅಂಗಿ ಹಾಕ್ಕೊಂಡು ಬಾ ಅಂತ. ಬರಿಮೈಯಲ್ಲಿ ಕೂರೋದು ಮರ್ಯಾದೆ ಅಂತ ಅಮ್ಮ ಹೇಳಿದ್ಲಾ? ಹೌದು, ಮರ್ಯಾದೆಯೇ. ನನಗೆ ಎದೆ ಕಟ್ಟಿದೆ, ಕೆಮ್ಮು, ಅದಕ್ಕೆ ನಾನು ಚರ್ಚಿನ ಅಂಗಿ ಹಾಕ್ಕೊಂಡೆ, ಕುತ್ತಿಗೆವರೆಗೂ ಗುಂಡಿ ಹಾಕ್ಕೊಂಡೆ. ನೀನು ಚಾಪೆ ಸ್ವಲ್ಪ ಎಳ್ಕೋ. ಆ ಕಡೆ ಅಲ್ಲ, ಎಡ ಭುಜದ ಮೇಲೆ. ಯಾಕೆ ಅಂದ್ರೆ... ಬಿಸಿಲು ಬೀಳುತ್ತೆ ಅಂತ. ನನ್ನ ಕಡೆ ಅಂಚನ್ನೂ ನೀನೇ ಹಿಡ್ಕೋ, ನನ್ನ ಬಲಗೈ ಮೇಲೆ ಏಳ್ತಿಲ್ಲ. ವಯಸ್ಸಾಯ್ತು.

ಈಗ ಕೇಳು. ಅವರು ಬಂದಾಗ ಸತ್ತುಹೋದ ಫಿಲೆಮೋನಿಯ ಅಮ್ಮ ಕೇಳ್ತಾರೆ. ಕೇಳೇ ಕೇಳ್ತಾರೆ, ಹೆತ್ತೋರಲ್ವಾ. ನೀನು ಪೊಲೀಸರಿಗೆ ಏನು ಹೇಳಿದ್ಯೋ ಅದನ್ನೇ ಹೇಳು. ಜಾಸ್ತಿ ಬೇಡ, ಕಮ್ಮಿ ಬೇಡ. ಪಟ್ಟಣದಲ್ಲಿ ರಸ್ತೆ ಸುರಕ್ಷತೆಯ ಸಭೆ ತಡವಾಯ್ತು. ವಾಪಸ್ ಬರೋವಾಗ ಈ ಊರಿನ ಹತ್ತಿರ ಸಂಜೆ ಪ್ರಾರ್ಥನೆಯ ಮೊದಲ ಶಂಖ ಕೇಳ್ತು. ಎರಡನೇ ಶಂಖ ಊದಿದ ಮೇಲೆ ಯಾವ ಊರಲ್ಲೂ ಗಾಡಿ ಅಲ್ಲಾಡೋ ಹಾಗಿಲ್ಲ. ಅಷ್ಟರಲ್ಲಿ ನಮ್ಮೂರು ಸೇರಬೇಕು ಅಂತ ವೇಗ ಹೆಚ್ಚಾಯ್ತು. ತಿರುವಿನಲ್ಲಿ ಸೂರ್ಯ ನೇರ ಕಣ್ಣಿಗೆ. ಗಾಡಿ ನಿಲ್ಲಿಸೋಕೆ ಅಂತ ಕೋಲು ಹಿಡ್ಕೊಂಡು ಫಿಲೆಮೋನಿ ರಸ್ತೆಗೆ ಬಂದ. ಅವನು ಬರೋದು ಸರಿ, ಆ ದಿನ ಪ್ರಾರ್ಥನೆ ಹೊತ್ತಿನ ಕಾವಲು ಅವನದೇ. ಕೈ ಎತ್ತಿದ. ಬ್ರೇಕ್ ಹಾಕೋದು ತಡವಾಯ್ತು. ‘ಮಾವ ಪಕ್ಕದಲ್ಲಿ ಕೂತಿದ್ರು, ನಿಧಾನ ನಿಧಾನ ಅಂತ ಹೇಳಿದ್ರು, ನಾನು ಕೇಳಲಿಲ್ಲ’ ಅನ್ನು. ಅಷ್ಟೇ. ಇಷ್ಟೇ ತಾನೇ? ಗಾಬರಿಯಲ್ಲಿ ಮರೀಬಾರ್ದು ಅಂತ ನೆನಪಿಸ್ತಿದ್ದೀನಿ.

ತಲೆ ಯಾಕೆ ಆ ಕಡೆ ತಿರುಗಿಸ್ಕೊಂಡೆ?

ನೋಡು ಅಪೇಲು, ಆ ಅವಸರ ಯಾಕಾಯ್ತು ಅಂತ ನಿನಗೆ ಗೊತ್ತು. ಶಂಖ ಊದಿದ ಮೇಲೆ ಗಾಡಿ ಓಡಿಸಿದವನು ಹಂದಿ ದಂಡ ಕೊಡಬೇಕು ಅಂತ ನಮ್ಮೂರಲ್ಲಿ ನಿಯಮ ಮಾಡಿದವನೇ ನಾನು. ಆ ನಿಯಮ ಮಾಡಿದವನೇ ಶಂಖ ಊದಿದ ಮೇಲೆ ಊರೊಳಗೆ ಬಂದ ಅಂದ್ರೆ? ನಗ್ತಾರೆ. ಆಮೇಲೆ ಯಾರೂ ಕೇಳೋದಿಲ್ಲ. ಈ ಕರಾವಳಿ ರಸ್ತೆಯಲ್ಲಿ ಎಷ್ಟು ಜನ ಸತ್ತಿದ್ದಾರೆ, ಒಂದೊಂದು ಮನೆ ಮುಂದೆ ಒಂದೊಂದು ಗೋರಿ. ಊರೂರು ತಿರುಗಿ ಮುಖಂಡರ ಕಾಲು ಹಿಡಿದು ಒಪ್ಪಿಸಿದವನು ನಾನು. ಶಾಲೆ ಮುಂದೆ ವೇಗ ತಡೆಯೋ ಉಬ್ಬು ಹಾಕೋಣ, ಗಾಡಿಯ ಹಿಂದೆ ಮಕ್ಕಳನ್ನ ತುಂಬಬೇಡಿ, ಬೆಲ್ಟ್ ಹಾಕ್ಕೊಳ್ಳಿ. ಜನ ಏನಂದ್ರು ಗೊತ್ತಾ? ‘ಬೆಲ್ಟ್ ಮುದುಕ ಬಂದ, ಬಾಗಿಲು ಹಾಕ್ರೋ’ ಅಂತಿದ್ರು. ಆದ್ರೂ ಒಪ್ಪಿದ್ರು. ಸೋಮವಾರ ಡಾಂಬರು ಲಾರಿ ಬರುತ್ತೆ. ಇದೇ ತಿರುವಿನಲ್ಲಿ, ಫಿಲೆಮೋನಿ ಬಿದ್ದ ಜಾಗದಲ್ಲೇ ಮೊದಲ ಉಬ್ಬು. ನಾನು ನಿಂತು ಹಾಕಿಸದಿದ್ರೆ ಲಾರಿ ವಾಪಸ್ ಹೋಗುತ್ತೆ. ಅದು ನಿನಗೆ ಅರ್ಥ ಆಗಬೇಕು. ನಾನು ನನಗೋಸ್ಕರ ಕೇಳ್ತಿಲ್ಲ. ಮಕ್ಕಳಿಗೋಸ್ಕರ ಕೇಳ್ತಿದ್ದೀನಿ.

ಹೌದು, ನಿನಗೆ ಸಿಕ್ಕಿದ್ದ ಆಸ್ಟ್ರೇಲಿಯಾದ ದ್ರಾಕ್ಷಿ ತೋಟದ ಕೆಲಸ. ಗೊತ್ತು. ನೀನು ಚೀಲ ಕಟ್ಟಿಟ್ಟಿದ್ದೆ, ಅದೂ ಗೊತ್ತು. ಪೊಲೀಸ್ ಕೇಸ್ ಇದ್ರೆ ಬಿಡೋದಿಲ್ಲ. ದ್ರಾಕ್ಷಿ ಎಲ್ಲಿ ಹೋಗುತ್ತೆ ಹೇಳು? ನೀನು ಚಿಕ್ಕವನು. ಇವರು ಚಾಪೆ ಎತ್ತಿದ್ರೆ ನ್ಯಾಯಾಧೀಶರೂ ಶಿಕ್ಷೆ ಕಮ್ಮಿ ಮಾಡ್ತಾರೆ, ಯಾವಾಗಲೂ ಮಾಡ್ತಾರೆ. ಒಳಗೆ ನಾನೇ ಊಟ ತಂದುಕೊಡ್ತೀನಿ. ತಾರೋ ಗೆಡ್ಡೆ, ತೆಂಗಿನಹಾಲು, ಪ್ರತಿ ಭಾನುವಾರ...

ಅಳ್ತಿದ್ದೀಯಾ? ಬೆವರಾ? ಬೆವರೇ ಇರಬೇಕು. ಇಲ್ಲಿ ಗಾಳಿ ಎಲ್ಲಿದೆ, ನಮ್ಮಿಬ್ಬರ ಉಸಿರನ್ನೇ ನಾವು ಮತ್ತೆ ಮತ್ತೆ ಎಳ್ಕೋತಿದ್ದೀವಿ. ನನಗೂ ಎದ್ದು ಓಡಿಬಿಡೋಣ ಅನಿಸ್ತಿದೆ. ಓಡಿದ್ರೆ ಎಲ್ಲಿಗೆ? ಒಂದು ಕಡೆ ಸಮುದ್ರ, ಒಂದು ಕಡೆ ಇವರ ಮನೆ, ಮಧ್ಯೆ ಇರೋದು ಅದೇ ರಸ್ತೆ.

ಹೋದ ವರ್ಷ ಈ ಊರಿನ ಚರ್ಚಿನಲ್ಲಿ ಹೆಂಗಸರಿಗೆ ಪಾಠ ಮಾಡಿದ್ದೆ. ಫಿಲೆಮೋನಿಯ ಅಮ್ಮ ಲೆವೂತಾ ಮೊದಲ ಸಾಲಿನಲ್ಲಿ ಬೀಸಣಿಗೆ ಹಿಡ್ಕೊಂಡು ಕೂತಿದ್ರು. ಎಲ್ಲರೂ ತೂಕಡಿಸ್ತಿದ್ರು, ಅವರೊಬ್ಬರೇ ಪ್ರಶ್ನೆ ಕೇಳಿದ್ರು. ಬೆಲ್ಟ್ ಹಾಕ್ಕೊಂಡ್ರೆ ಮೈಗೆ ಪೆಟ್ಟಾಗೋದಿಲ್ವಾ ಅಂತ. ಆಗುತ್ತಮ್ಮ, ಕಪ್ಪಗೆ ಬರೆ ಬೀಳುತ್ತೆ, ಆದ್ರೆ ಜೀವ ಉಳಿಯುತ್ತೆ ಅಂದೆ. ಆ ಬರೆ ನೋಡಿದ್ರೆ ಯಾರು ಯಾವ ಸೀಟಿನಲ್ಲಿ ಕೂತಿದ್ರು ಅಂತಾನೂ... ಬಿಡು. ಅದೀಗ ಯಾಕೆ. ಚಾಪೆ ಎಳ್ಕೋ ಅಂದ್ನಲ್ಲ, ಭುಜದ ಮೇಲೆ. ಮತ್ತೆ ಜಾರಿಸಿದ್ಯಲ್ಲ.

ಶ್... ಯಾರೋ ಇಳಿದ್ರು. ಕಾಲು ನೋಡು, ಹೆಂಗಸಿನ ಕಾಲು. ಅವರೇ. ತಲೆ ಬಗ್ಗಿಸು. ಬರ್ತಿದ್ದಾರೆ. ನಿನ್ನ ಕಡೆಗೇ ಬರ್ತಿದ್ದಾರೆ. ಬೆಳಕು... ಅಪೇಲು, ಎತ್ತಿದ್ರು. ಚಾಪೆ ಎತ್ತಿದ್ರು ಕಣೋ. ದೇವರು ದೊಡ್ಡವನು. ಅಲ್ಲ... ನಿನ್ನ ಕಡೆ ಮಾತ್ರ ಎತ್ತಿದ್ದಾರೆ. ನನ್ನ ತಲೆ ಮೇಲೆ ಇನ್ನೂ ಇದೆ. ಇರಲಿ, ಒಂದೊಂದೇ ಕಡೆ ಎತ್ತುತ್ತಾರೇನೋ.

ಕೇಳ್ತಿದ್ದಾರೆ ನಿನ್ನ. ‘ಗಾಡಿ ಯಾರು ಓಡಿಸ್ತಿದ್ರಪ್ಪಾ’ ಅಂತ. ಹೇಳು. ಹೇಳೋ. ಎರಡು ಮಾತು ಅಷ್ಟೇ. ‘ನಾನೇ, ಅಮ್ಮ’ ಅನ್ನು.

ಅಪೇಲು.

ಹೆದರಿದ್ದಾನೆ ಲೆವೂತಮ್ಮ. ಮಾತು ಹೊರಡ್ತಿಲ್ಲ ಅವನಿಗೆ. ಅವನ ಪರವಾಗಿ ನಾನು ಹೇಳ್ತೀನಿ. ಮುಖಂಡ ಇರೋದೇ ಅದಕ್ಕೆ. ಸಭೆ ತಡವಾಯ್ತು, ಶಂಖ ಕೇಳ್ತು, ಸೂರ್ಯ ಕಣ್ಣಿಗೆ ಹೊಡೀತಿತ್ತು... ಏನಮ್ಮ? ಅವನನ್ನೇ ಕೇಳ್ತಿದ್ದೀರಾ? ಸರಿ. ಸರಿ, ಅವನೇ ಹೇಳಲಿ.

ಹೇಳು ಮಗಾ. ಪೊಲೀಸರ ಮುಂದೆ ಹೇಳಿದ್ಯಲ್ಲ. ಅಲ್ಲಿ ಹೇಳೋಕೆ ಆಯ್ತು, ಇಲ್ಲಿ ಯಾಕಾಗೋದಿಲ್ಲ? ತಲೆಯಾದ್ರೂ ಆಡಿಸು. ಅವರ ಮುಖ ನೋಡಿದ್ರೆ ಸುಳ್... ಅವರ ಮುಖ ನೋಡಬೇಡ, ನೆಲ ನೋಡು ಅಂತ ಬೆಳಗಿಂದ ಹೇಳ್ತಿದ್ದೀನಲ್ಲ. ಯಾಕೋ ಸುಮ್ನಿದ್ದೀಯ? ನಿನಗೆ ಬೈದೋರು ಯಾರು, ಹೊಡೆದೋರು ಯಾರು? ಬೆಳಗಿಂದ ಒಂದು ಮಾತೂ ಆಡಿಲ್ಲ ನೀನು. ನಾನೊಬ್ಬನೇ ಮಾತಾಡ್ತಿದ್ದೀನಿ.

ಲೆವೂತಮ್ಮ, ಅದು... ಅವನ ಭುಜ ಯಾಕೆ ಮುಟ್ತೀರಿ, ನೋಯುತ್ತೆ ಅವನಿಗೆ. ಹೌದು, ಎಡ ಭುಜ. ಬೆಲ್ಟಿನ ಬರೆಯೇ. ಹಾಕ್ಕೊಂಡಿದ್ವಿ, ಇಬ್ಬರೂ ಹಾಕ್ಕೊಂಡಿದ್ವಿ, ನಾನು ಹಾಕದೆ ಬಿಡ್ತೀನಾ... ಹೌದು. ನಾನೇ ಹೇಳಿಕೊಟ್ಟಿದ್ದು. ಓಡಿಸೋನಿಗೆ ಬಲ ಭುಜದ ಮೇಲೆ ಬೀಳುತ್ತೆ, ಪಕ್ಕದವನಿಗೆ ಎಡ ಭುಜದ ಮೇಲೆ. ಬಾಯಿ ಸುಳ್ಳು ಹೇಳಿದ್ರೂ ಮೈ ಹೇಳೋದಿಲ್ಲ ಅಂದಿದ್ದೆ, ಚರ್ಚಿನಲ್ಲಿ. ನಿಮಗೆ ನೆನಪಿದೆ. ನೀವೊಬ್ಬರೇ ಎಚ್ಚರವಾಗಿದ್ರಿ.

ಅಪೇಲು, ಅವರು ನನ್ನ ಅಂಗಿ ಬಿಚ್ಚು ಅಂತಿದ್ದಾರೆ.

ಸೋಮವಾರ ಲಾರಿ ಬಂದಾಗ ಆ ತಿರುವಿನಲ್ಲಿ ನಿಂತ್ಕೋ. ವಾಪಸ್ ಹೋಗೋಕೆ ಬಿಡಬೇಡ. ಬಿಡೋದಿಲ್ಲ ಅಂತ ಒಂದು ಮಾತು... ಬೇಡ. ಹೇಳಬೇಡ, ಸುಮ್ನಿರು. ನೀನು ಸುಮ್ನಿದ್ದದ್ದೇ ಸಾಕು.

ಬಾ, ಹತ್ತಿರ ಬಾ. ಗುಂಡಿ ನೀನೇ ಬಿಚ್ಚು ಮಗಾ. ನನ್ನ ಬಲಗೈ ಅಷ್ಟೆತ್ತರ ಏಳೋದಿಲ್ಲ.