ಊಟದ ಗಂಟೆ ಬಾರಿಸಿದ ಹವಾಲ್ದಾರ

ಒಂದು ಖಾನಾವಳಿ ತೆರೆಯಲು ಎಷ್ಟು ಬೇಕು, ಹೇಳಿ? ಅಂಗಡಿಯ ಮುಂಗಡ ಎರಡು ಲಕ್ಷ. ಪಾತ್ರೆ, ಒಲೆ, ಮೇಜು, ಬೆಂಚು ಸೇರಿ ಮೂರು ಲಕ್ಷ. ಬಣ್ಣ, ಬೋರ್ಡು, ಫ್ರಿಜ್ಜು ಒಂದೂವರೆ. ಅಡುಗೆಯವನ ಸಂಬಳ ಬೇರೆ. ಇದನ್ನೆಲ್ಲ ನೀವು ಬಾಯಲ್ಲೇ ಲೆಕ್ಕ ಹಾಕುತ್ತೀರಿ. ಉಣ್ಣಲು ಯಾರು ಬರುತ್ತಾರೆ ಎಂದು ಮಾತ್ರ ಒಬ್ಬರೂ ಯೋಚಿಸುವುದಿಲ್ಲ.

ನೋಡಿ, ಒಂದೂರಿಗೆ ಒಬ್ಬ ಹವಾಲ್ದಾರ ಸೈನ್ಯದಿಂದ ನಿವೃತ್ತನಾಗಿ ಬಂದ. ನಲವತ್ತೈದರ ಗಟ್ಟಿ ಆಳು. ಅಲ್ಲಿ ಗಡಿಯ ಗುಡ್ಡವೊಂದರ ಮೇಲೆ ಜವಾನರ ಮೆಸ್ಸಿನ ಉಸ್ತುವಾರಿ ಅವನದೇ ಆಗಿತ್ತು. ತಿಂಗಳ ಪಿಂಚಣಿಯಲ್ಲಿ ಮನೆ ನಡೆಯುತ್ತಿತ್ತು, ಮಗಳ ನರ್ಸಿಂಗ್ ಕಾಲೇಜಿನ ಫೀಯೂ ಅದರಲ್ಲೇ. ಸುಮ್ಮನೆ ಕೂರಲಾರೆ, ಖಾನಾವಳಿ ತೆರೆಯುತ್ತೇನೆ ಎಂದ. ತಪ್ಪೇನಿಲ್ಲ. ಆದರೆ ದುಡ್ಡಿಗಾಗಿ ಏನು ಮಾಡಿದ? ಪಿಂಚಣಿಯ ಅರ್ಧವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಅದರ ಬದಲು ದೊಡ್ಡ ಮೊತ್ತವನ್ನು ಒಂದೇ ಸಲಕ್ಕೆ ಪಡೆಯಲು ಹೊರಟ. ಹಾಗೆ ಬಿಟ್ಟ ಅರ್ಧ ಹದಿನೈದು ವರ್ಷ ವಾಪಸ್ ಬರುವುದಿಲ್ಲ.

ಹೆಂಡತಿ ಕೇಳಿದಳು, "ಅಲ್ರೀ, ಮೊದಲು ಮನ್ಯಾಗ ಒಂದ್ ಹತ್ತು ಮಂದಿಗೆ ಮಾಡಿ ನೋಡೂಣಲ್ಲ? ಬಂದ್ರ ಬರ್ತಾರ, ಇಲ್ಲಂದ್ರ ನಾವೇ ಉಂಡ್ರಾತು."

"ನೂರಿಪ್ಪತ್ತು ಮಂದಿಗೆ ಉಣ್ಣಾಕ ಹಾಕಿದಾವ ನಾನು. ಹತ್ತು ಮಂದಿ ಲೆಕ್ಕ ನನಗ ಹೇಳ್ತೀಯೇನು?"

"ಅವರು ನಿಮ್ಮನ್ನ ಬಿಟ್ಟು ಎಲ್ಲಿ ಹೋಗ್ತಿದ್ರು? ಆ ಗುಡ್ಡದ ಮ್ಯಾಲೆ ಬ್ಯಾರೆ ಹೋಟೆಲ್ ಇತ್ತೇನು?"

"ನಿನಗ ಮಿಲಿಟರಿ ತಿಳಿಯೂದಿಲ್ಲ ಬಿಡು" ಎಂದು ನಕ್ಕು, ಪಿಂಚಣಿಯ ಕಾಗದಕ್ಕೆ ಸಹಿ ಹಾಕಿಬಿಟ್ಟ.

ಬಸ್ ನಿಲ್ದಾಣದ ಪಕ್ಕ ಖಾನಾವಳಿ ಶುರುವಾಯಿತು. ಸುಳ್ಳೇಕೆ ಹೇಳಲಿ, ಊಟ ಚೆನ್ನಾಗಿಯೇ ಇತ್ತು. ರೊಟ್ಟಿ ಬಿಸಿ, ಪಲ್ಯ ರುಚಿ, ನೆಲ ಫಳಫಳ. ಆದರೆ ಈ ಮಹಾರಾಯ ಮೆಸ್ಸಿನಲ್ಲಿದ್ದಂತೆಯೇ ಹನ್ನೆರಡಕ್ಕೆ ಊಟ ಶುರುವೆಂದು ಗಂಟೆ ಬಾರಿಸುವನು, ಒಂದೂವರೆಗೆ ಮುಗಿಯಿತೆಂದು ಮತ್ತೆ ಬಾರಿಸಿ ಬಾಗಿಲು ಅರ್ಧ ಎಳೆಯುವನು. ದಿನಾ ನೂರು ಊಟಕ್ಕಾಗುವಷ್ಟು ಅಡುಗೆ ಮಾಡಿಸುವನು, ಮೂವತ್ತೇ ಖರ್ಚಾಗುತ್ತಿತ್ತು. ಒಂದು ದಿನ ಬಸ್ಸಿನ ಡ್ರೈವರ್, ಕಂಡಕ್ಟರ್ ತಡವಾಗಿ ಬಂದರು.

"ಟೈಮ್ ಮುಗೀತು" ಎಂದ ಹವಾಲ್ದಾರ.

"ಸಾಹೇಬ್ರ, ದಾರ್ಯಾಗ ಟಾಯರ್ ಪಂಚರ್ ಆತು" ಎಂದ ಕಂಡಕ್ಟರ್. "ಬುಟ್ಟ್ಯಾಗ ರೊಟ್ಟಿ ಕಾಣಾಕತ್ತಾವಲ್ರೀ."

"ಶಿಸ್ತು ಅಂದ್ರ ಶಿಸ್ತು."

"ಹಂಗಾರ ನೀವು ಶಿಸ್ತು ಉಣ್ರಿ, ನಾವು ಎದುರಿನ ಅಂಗಡ್ಯಾಗ ರೊಟ್ಟಿ ಉಣ್ತೀವಿ."

ಮರುದಿನದಿಂದ ಬಸ್ ಡಿಪೋದವರೆಲ್ಲ ಎದುರಿನ ಅಂಗಡಿಗೇ. ಹವಾಲ್ದಾರನಿಗೆ ಸಿಟ್ಟು ಬಂತು. ಯಾರ ಮೇಲೆ? ಜನರ ಮೇಲೆ. ಈ ಊರಿಗೇ ಶಿಸ್ತಿಲ್ಲ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಗಂಟೆ ಮಾತ್ರ ಬಿಡಲಿಲ್ಲ.

ನಗುತ್ತೀರಿ. ನಗಬೇಡಿ. ಹೋದ ವಾರ ನಿಮ್ಮಲ್ಲೇ ಮೂವರು ಅಂಗಡಿ ಉದ್ಘಾಟನೆಯ ಕಾರ್ಡು ತಂದು ಮಠದಲ್ಲಿ ನನ್ನ ಮುಂದಿಟ್ಟರು. "ಅಜ್ಜಾರ, ಆಶೀರ್ವಾದ ಮಾಡ್ರಿ" ಅಂತೆ. ಮನೆಯಲ್ಲಿ ಕೇಳಿದೆಯಾ ಎಂದರೆ ಒಬ್ಬ, "ಅವರಿಗೇನು ತಿಳೀತದ್ರೀ" ಎಂದ. ಪಿಂಚಣಿ ಒಡೆದು, ಭವಿಷ್ಯನಿಧಿ ಬರಿದು ಮಾಡಿ, ಬೋರ್ಡು ಬರೆಸಿ, ಆಮೇಲೆ ಬರುತ್ತೀರಿ. ಎಷ್ಟು ಸಲ ಹೇಳಲಿ? ಕಾರ್ಡಿಗೆ ಕುಂಕುಮ ಹಚ್ಚಲು ನಾನು ಬೇಕು, ಬುದ್ಧಿ ಕೇಳಲು ಯಾರೂ ಬೇಡ. ನನ್ನ ಕುಂಕುಮಕ್ಕೆ ಗಿರಾಕಿ ಬರುತ್ತಾನೆಯೇ? ಅವನು ತನಗೆ ಹಸಿವಾದಾಗ ಬರುತ್ತಾನೆ.

ಹಾಗಾಗಿ ನಾಳೆಯಿಂದ ಇಷ್ಟು ಮಾಡಿ. ತಿಂಗಳು ತಿಂಗಳು ಮನೆಗೆ ಬರುವ ಹಣಕ್ಕೆ ಕೈ ಹಾಕುವ ಮೊದಲು, ಆ ಹಣದಲ್ಲಿ ಸಂಸಾರ ತೂಗಿಸುವವಳನ್ನು ಎದುರು ಕೂರಿಸಿ ಕೇಳಿ. ಬೇಡ ಎಂದರೆ ಯಾಕೆ ಎಂದು ಕೇಳಿ, ನಕ್ಕು ಏಳಬೇಡಿ. ಸಣ್ಣದಾಗಿ ಮಾಡಿ ನೋಡಿ, ನಡೆದರೆ ಬೆಳೆಸಿ. ಮಠಕ್ಕೂ ಕಾರ್ಡು ಅಚ್ಚಾಗುವ ಮೊದಲು ಬನ್ನಿ. ಬೈಯುತ್ತೇನೆ, ಆದರೆ ಪುಕ್ಕಟೆ ಬೈಯುತ್ತೇನೆ.

ಆ ಹವಾಲ್ದಾರ ವರ್ಷ ತುಂಬುವ ಮೊದಲೇ ಖಾನಾವಳಿ ಮುಚ್ಚಿದ. ಪಾತ್ರೆಗಳು ತೂಕದ ಬೆಲೆಗೆ ಹೋದವು. ಈಗ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುತ್ತಾನೆ. ಬಿಟ್ಟುಕೊಟ್ಟ ಅರ್ಧ ಪಿಂಚಣಿ ಅವನಿಗೆ ಅರವತ್ತಾಗುವವರೆಗೆ ಬರುವುದಿಲ್ಲ. ಮಗಳು ಎರಡನೇ ವರ್ಷಕ್ಕೆ ನರ್ಸಿಂಗ್ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು.