ಪುಸ್ತಕದಲ್ಲಿಲ್ಲದ ಸ್ವಗತ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಮಹನೀಯರೂ ಸೇರಿದಂತೆ ಎಲ್ಲ ಸಭಿಕರೇ,

ಮೂವತ್ತೆರಡು ವರ್ಷ ಪರದೆಯ ಪಕ್ಕದಲ್ಲಿ ನಾಟಕದ ಪುಸ್ತಕ ಹಿಡಿದು ಕುಳಿತು, ನಟರು ಮರೆತ ಮಾತನ್ನು ಪಿಸುಗುಟ್ಟಿದವನು ನಾನು. ನನ್ನ ದನಿ ನಿಮಗೆ ಕೇಳಿಸಿದ್ದರೆ ಅಂದು ನನ್ನ ಕೆಲಸ ಕೆಟ್ಟಿತೆಂದೇ ಅರ್ಥ. ಅಂಥವನನ್ನು ಸನ್ಮಾನಕ್ಕೆ ಕರೆದು, ಕೈಗೆ ಮೈಕು ಕೊಟ್ಟು, ಸ್ವಗತದ ಬಗ್ಗೆ ನಾಲ್ಕು ಮಾತಾಡು ಎಂದಿದ್ದೀರಿ.

ಸ್ವಗತ ಎಂದರೇನು? ಪಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು. ಬಳಿಯಲ್ಲೇ ನಿಂತ ಪಾತ್ರಗಳಿಗೆ ಅದು ಕೇಳಿಸಬಾರದು. ಕೊನೆಯ ಸಾಲಿನವರಿಗೂ ಕೇಳಿಸಬೇಕು. ನಾಟಕಕಾರನಿಗೆ ಇದರಿಂದ ಎಷ್ಟು ಅನುಕೂಲ! ಯಾರಿಗೂ ಹೇಳಲಾಗದ್ದನ್ನು, ಹೇಳದೆ ಇರಲೂ ಆಗದ್ದನ್ನು ಪಾತ್ರದ ಬಾಯಿಂದ ಹೊರಡಿಸಬಹುದು. ಎಲ್ಲರೂ ಕೇಳುತ್ತಾರೆ. ಎದ್ದು ಬಂದು ಕೈಹಿಡಿಯುವವರು ಮಾತ್ರ ಯಾರೂ ಇಲ್ಲ.

ನಮ್ಮ ತಂಡದ ಮುಖ್ಯ ನಟ ನನ್ನ ಅಣ್ಣ. ಹನ್ನೆರಡು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನದ ಪ್ರದರ್ಶನ. ಮೂರನೆಯ ಅಂಕದಲ್ಲಿ, ಪಟ್ಟ ಕಳೆದುಕೊಂಡ ರಾಜನ ದೀರ್ಘ ಸ್ವಗತ. ನಡುವೆ ಅಣ್ಣ ಸುಮ್ಮನಾದ. ಆಮೇಲೆ ಮೆಲ್ಲಗೆ, "ಕತ್ತಲಾಯ್ತು. ಏನೂ ಕಾಣಿಸ್ತಿಲ್ಲ. ಯಾರಾದ್ರೂ ಇದ್ದೀರಾ?" ಎಂದ.

ರಾಜನ ಅಳಲೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ನಾನೇನು ಮಾಡಿದೆ? ರಾಜ ಆಡುವುದು ಗ್ರಾಂಥಿಕ ಮಾತು. ಇದು ನಮ್ಮ ಮನೆಯ ಮಾತು. ಅಷ್ಟೂ ತಿಳಿಯಲಿಲ್ಲವೇ ನನಗೆ? ತಿಳಿಯಿತು. ಆದರೂ ಪುಸ್ತಕದ ಮೇಲೆ ಬೆರಳಿಟ್ಟು ಮುಂದಿನ ಸಾಲನ್ನು ಪಿಸುಗುಟ್ಟಿದೆ. ಅವನು ಎತ್ತಿಕೊಳ್ಳಲಿಲ್ಲವೆಂದು ಇನ್ನೊಮ್ಮೆ, ತುಸು ಸಿಟ್ಟಿನಿಂದಲೇ ಪಿಸುಗುಟ್ಟಿದೆ. ಅಣ್ಣ ನನ್ನ ದನಿಯನ್ನು ಹುಡುಕಿಕೊಂಡು ತಿರುಗಿದ. ದಿಕ್ಕು ತಪ್ಪಿ, ವೇದಿಕೆಯ ಅಂಚಿನಿಂದ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ವೇದಿಕೆಯ ಮೇಲೆ ಹೋದ ಕಣ್ಣು ಮತ್ತೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಒಮ್ಮೆ ಮಾತ್ರ ಕೇಳಿದ: "ನಿಂಗೆ ಕೇಳಿಸ್ತಲ್ವಾ?"

"ಕೇಳಿಸ್ತು ಅಣ್ಣ."

"ಮತ್ತೆ?"

"ಪುಸ್ತಕದಲ್ಲಿ ಇರ್ಲಿಲ್ಲ."

"ಹೌದಲ್ವಾ," ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಕ್ಷಮಿಸಿ, ವಿಷಯ ಬಿಟ್ಟು ದೂರ ಬಂದೆ. ಅಣ್ಣ ಈಗ ನನ್ನ ಮನೆಯಲ್ಲೇ ಇದ್ದಾನೆ. ತನ್ನ ಕೋಣೆಯಲ್ಲಿ ಕುಳಿತು ಇಡೀ ದಿನ ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಯಾವ ನಾಟಕದ ಮಾತೂ ಅಲ್ಲ, ಅವನದೇ. ನನ್ನ ಹೆಜ್ಜೆ ಸಪ್ಪಳವಾದರೆ ಸಾಕು, ನಿಲ್ಲಿಸಿಬಿಡುತ್ತಾನೆ. ಇಂದು ಇಲ್ಲಿಗೆ ಹೊರಡುವ ಮುನ್ನ ಧೈರ್ಯ ಮಾಡಿ, "ನಿಲ್ಲಿಸ್ಬೇಡಣ್ಣ, ನಾನು ಕೇಳ್ತೀನಿ," ಎಂದೆ.

"ನೀನು ಕೇಳ್ತೀಯ ಅಂತ್ಲೇ ನಿಲ್ಲಿಸೋದು," ಎಂದ.

ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತಿರಿ, ನಿಮಗೆಲ್ಲ ಕೃತಜ್ಞ. ಅವನ ಊಟದ ಹೊತ್ತಾಯಿತು, ಹೊರಡುತ್ತೇನೆ. ನಮಸ್ಕಾರ.